ಅರ, ಉಳಿ, ಮೂಲೆಮಟ್ಟ
(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರುಗಿದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರುಷ ತುಂಬಿದ ಈ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತನಾಡುವ ಅವಕಾಶ ದೊರೆತುದು ನಮ್ಮ ಭಾಗ್ಯ. ನಾವೆಂದರೆ, ೧೯೭೩ರಲ್ಲಿ ಇಲ್ಲಿಂದ ಏಳನೆಯ ಇಯತ್ತೆ ಮುಗಿಸಿ ಒಟ್ಟಿಗೆ ಹೊರಬಿದ್ದು, ಒಟ್ಟಿಗೆ ಕಬ್ಬಿಣದ ಕೆಲಸ ಹಿಡಿದ ನಾಲ್ವರು. ಈಗ ಉಳಿದಿರುವವರು ಮೂವರು. ಈ ಭಾಷಣವನ್ನು ಮೂವರೂ ಕೂಡಿ ಬರೆದಿದ್ದೇವೆ. ಓದುವ ಹೊಣೆ ಮಾತ್ರ ಒಬ್ಬನ ಮೇಲೆ ಬಿದ್ದಿದೆ. ನಾವು ಸಾಹಿತಿಗಳಲ್ಲ, ಶಿಕ್ಷಣ ತಜ್ಞರೂ ಅಲ್ಲ. ಗಡಿಯ ಪ್ರಶ್ನೆ, ನುಡಿಯ ಪ್ರಶ್ನೆಗಳನ್ನು ಕುರಿತು ಬಲ್ಲವರು ಬೆಳಗಿನಿಂದ ಮಾತನಾಡಿದ್ದಾರೆ. ನಮಗೆ ತಿಳಿದುದು ಅರ, ಉಳಿ, ಸುತ್ತಿಗೆಗಳ ಮಾತು. ಅಷ್ಟನ್ನೇ ಹೇಳುತ್ತೇವೆ.

ಈ ಮಾತಿಗೆ ಒಂದು ನಿಮಿತ್ತವಿದೆ. ಮೂರು ತಿಂಗಳ ಹಿಂದೆ ಸಮಿತಿಯವರು ನಮ್ಮಲ್ಲಿಗೆ ಬಂದು, ಶಾಲೆಯ ಹಿಂಬದಿಯಲ್ಲಿ ಬಹುಕಾಲದಿಂದ ಬೀಗ ಬಿದ್ದಿರುವ ಉದ್ಯೋಗದ ಕೋಣೆಯನ್ನು ತೆರೆದು ಮಕ್ಕಳಿಗೆ ಲೋಹದ ಕೆಲಸ, ಯಂತ್ರಗಳ ರಿಪೇರಿಯ ಮೊದಲ ಪಾಠಗಳನ್ನು ಕಲಿಸಬೇಕೆಂದಿದ್ದೇವೆ, ಬೇಕಾಗುವ ಯಂತ್ರಗಳ ಯಾದಿಯನ್ನು ಬರೆದುಕೊಡಿ, ಅನುದಾನಕ್ಕೆ ಅರ್ಜಿ ಹಾಕುತ್ತೇವೆ ಎಂದರು. ನಾವು ಉತ್ಸಾಹದಿಂದ ಕುಳಿತೆವು. ಲೇತು, ಡ್ರಿಲ್ಲಿಂಗ್ ಯಂತ್ರ, ವೆಲ್ಡಿಂಗ್ ಯಂತ್ರ, ಗ್ರೈಂಡರು, ಅವುಗಳಿಗೆ ತಕ್ಕ ವಿದ್ಯುತ್ತು, ವಿದ್ಯುತ್ತಿಗೆ ತಕ್ಕ ಮಾಡು. ಯಾದಿ ಎರಡು ಹಾಳೆ ತುಂಬಿತು. ಮೂರನೆಯ ಹಾಳೆ ಎತ್ತಿಕೊಂಡಾಗ ನಮ್ಮಲ್ಲೊಬ್ಬನು, ನಾವು ಮೊದಲು ಮಾಡಿದಾಗ ಇವುಗಳಲ್ಲಿ ಯಾವುದಿತ್ತು ಎಂದು ಕೇಳಿದನು. ಒಂದೂ ಇರಲಿಲ್ಲ. ಅಲ್ಲಿಗೆ ಯಾದಿ ನಿಂತಿತು. ಅನುದಾನ ಬಂದರೆ ಬರಲಿ, ಯಾರು ಬೇಡವೆನ್ನುತ್ತಾರೆ? ಅದು ಬರುವವರೆಗೆ ಬೀಗ ಹಾಗೆಯೇ ಇರಬೇಕೇ ಎಂಬುದು ನಮ್ಮ ಪ್ರಶ್ನೆ. ಉತ್ತರಕ್ಕಾಗಿ ನಮ್ಮ ಕಥೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

೧೯೭೨ರ ಬರವನ್ನು ಕಂಡವರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದೀರಿ. ಜತ್ತ ತಾಲೂಕಿನ ಈ ಭಾಗದಲ್ಲಿ ಮಳೆ ಎಂದೂ ಉದಾರಿಯಲ್ಲ. ಆ ವರುಷವಂತೂ ಬಿತ್ತಿದ ಬೀಜ ಮಣ್ಣಿನಲ್ಲಿಯೇ ಉಳಿಯಿತು. ಸರಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ನಮ್ಮ ತಂದೆತಾಯಿಗಳು ಕಲ್ಲು ಒಡೆದು ಖಡಿ ಮಾಡಲು ಹೋದರು. ಶಾಲೆ ಬಿಟ್ಟೊಡನೆ ನಾವೂ ಅಲ್ಲಿಗೆ ಓಡುತ್ತಿದ್ದೆವು; ಅಲ್ಲಿ ಹಂಚುತ್ತಿದ್ದ ಸುಕಡಿಯ ಆಸೆಯಿಂದ ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಸುಕಡಿ ತಿಂದಾದ ಮೇಲೆ ಹೊತ್ತು ಕಳೆಯಲು ನಮಗಿದ್ದ ಜಾಗವೆಂದರೆ ಬೇವಿನ ಮರದ ಕೆಳಗೆ ಕುಲುಮೆ ಹೂಡಿದ್ದ ಕಮ್ಮಾರ ಅಜ್ಜನ ಬದಿ. ಅಡಿಗಲ್ಲಿನ ಬದಲು ಮಣ್ಣಿನಲ್ಲಿ ಹುಗಿದ ರೈಲು ಹಳಿಯ ತುಂಡು, ಒಂದು ತಿದಿ, ಎರಡು ಸುತ್ತಿಗೆ, ಒಂದು ಇಕ್ಕಳ, ನೀರಿಗೆ ಒಡಕು ಬಾನಿ. ಇಷ್ಟರಿಂದ ಅಜ್ಜ ದಿನವೂ ನಲವತ್ತು ಐವತ್ತು ಮೊಂಡ ಉಳಿಗಳಿಗೆ ಮೊನೆ ಮಾಡಿ ಹದ ಹಾಕಿ ಕೊಡುತ್ತಿದ್ದ. ಮರುದಿನ ಅವು ಮತ್ತೆ ಮೊಂಡಾಗಿ ಬರುತ್ತಿದ್ದವು.

ನಮ್ಮಲ್ಲೊಬ್ಬನಿಗೆ ತಾನೂ ಒಂದು ಉಳಿ ಮಾಡಬೇಕೆಂಬ ಹುರುಪು ಹುಟ್ಟಿತು. ಮುರಿದ ಲಾರಿಯ ಪಾಟಿಯ ತುಂಡೊಂದನ್ನು ಎಲ್ಲಿಂದಲೋ ತಂದು, ಅಜ್ಜ ಊಟಕ್ಕೆ ಹೋದ ಹೊತ್ತಿನಲ್ಲಿ ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಬಾನಿಗೆ ಅದ್ದಿದ. ಚೊಂಯ್ ಎಂದಿತು. ಅರ ಹಚ್ಚಿ ನೋಡಿದರೆ ಅರವೇ ಜಾರಿತು; ಅಷ್ಟು ಗಟ್ಟಿ. ಹೆಮ್ಮೆಯಿಂದ ಕಲ್ಲಿಗಿಟ್ಟು ಒಂದೇ ಏಟು ಹಾಕಿದ. ಮೊನೆಯ ಮೂಲೆ ಸಿಡಿದು ಅವನ ಹುಬ್ಬನ್ನು ಸೀಳಿತು. ಕಣ್ಣು ಉಳಿದದ್ದು ಎರಡು ಬೆರಳಿನ ಅಂತರದಲ್ಲಿ. ಅಜ್ಜ ಬಂದು ಮೊದಲು ಗಾಯಕ್ಕೆ ಬಟ್ಟೆ ಕಟ್ಟಿದ, ಆಮೇಲೆ ಬೈದ, ಕೊನೆಗೆ ಹೇಳಿದ: "ನೀರಾಗ ಅದ್ದಿದ್ರ ಗಟ್ಟಿ ಆಕ್ಕೈತಿ, ಶಾಣ್ಯಾ ಆಗಂಗಿಲ್ಲ."

ಶಾಣ್ಯಾ ಮಾಡುವ ಬಗೆಯನ್ನು ಅಂದೇ ತೋರಿಸಿದ. ನೀರಿನಲ್ಲಿ ಗಟ್ಟಿಗೊಳಿಸಿದ ಉಳಿಯ ಮೊನೆಯನ್ನು ಕಲ್ಲಿನ ಮೇಲೆ ಉಜ್ಜಿ ಬೆಳ್ಳಗೆ ಹೊಳೆಯಿಸಬೇಕು. ಆಮೇಲೆ ಹಿಂಬದಿಯನ್ನು ಮಾತ್ರ ಮೆಲ್ಲಗೆ ಕಾಯಿಸಬೇಕು. ಬಿಸಿ ಮೊನೆಯ ಕಡೆಗೆ ಹರಿಯುತ್ತ ಬರುವಾಗ ಆ ಹೊಳಪಿನ ಮೇಲೆ ಬಣ್ಣಗಳು ಓಡುತ್ತವೆ. ಮೊದಲು ಒಣಗಿದ ಜೋಳದ ಕಣಿಕೆಯ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ಬದನೆಕಾಯಿಯ ಬಣ್ಣ, ಕೊನೆಗೆ ನವಿಲಿನ ಕೊರಳಿನ ನೀಲಿ. ಕಲ್ಲಿನ ಉಳಿಯಾದರೆ ಬದನೆಕಾಯಿಯ ಬಣ್ಣ ಮೊನೆಗೆ ಮುಟ್ಟಿದ ಕ್ಷಣ ಮತ್ತೆ ನೀರಿಗೆ ಅದ್ದಬೇಕು. ಮುಂದೆ ಪುಸ್ತಕಗಳಲ್ಲಿ ಓದಿದಾಗ ತಿಳಿಯಿತು, ಕಣಿಕೆಯ ಹಳದಿ ಎಂದರೆ ಸುಮಾರು ೨೩೦ ಡಿಗ್ರಿ ಸೆಲ್ಸಿಯಸ್, ಬದನೆಕಾಯಿ ೨೮೦ರ ಆಸುಪಾಸು, ನೀಲಿ ೩೦೦. ಉಷ್ಣಮಾಪಕವನ್ನು ಅಜ್ಜ ಕಂಡಿರಲಿಲ್ಲ, ಆದರೆ ಉಕ್ಕು ತನ್ನ ಮೈಮೇಲೆಯೇ ಬರೆದುಕೊಳ್ಳುವ ಅಂಕಿಗಳನ್ನು ಓದಬಲ್ಲವನಾಗಿದ್ದ. ಮಕ್ಕಳಿಗೆ ಇನ್ನೊಂದು ಮಾತು: ನೀರಿಗೆ ಅದ್ದುವ ಮೊದಲು ಸಾಕಷ್ಟು ಕಾದಿದೆಯೇ ಎಂದು ತಿಳಿಯಲು ಕೆಟ್ಟ ರೇಡಿಯೋದ ಸ್ಪೀಕರಿನಲ್ಲಿರುವ ಅಯಸ್ಕಾಂತ ಸಾಕು. ಸುಮಾರು ೭೭೦ ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಇದು ಶಾಲೆಯ ಹೊರಗಿನ ಪಾಠ. ಒಳಗಿನದು ಇದಕ್ಕಿಂತ ದೊಡ್ಡದು.

ಆಗ ಉದ್ಯೋಗದ ತಾಸಿನಲ್ಲಿ ನಾವು ಮಾಡುತ್ತಿದ್ದುದು ತಕಲಿಯ ಮೇಲೆ ನೂಲುವ ಕೆಲಸ. ಗಾಂಧೀಜಿಯವರು ೧೯೩೭ರಲ್ಲಿ ವರ್ಧೆಯಲ್ಲಿ ಮುಂದಿಟ್ಟ ಮೂಲ ಶಿಕ್ಷಣದ ವಿಚಾರ ನಮ್ಮ ಕಾಲಕ್ಕೆ ತಲುಪುವಾಗ ತಕಲಿಯಷ್ಟೇ ಉಳಿದಿತ್ತು. ನೂಲು ಯಾರಿಗೂ ಬೇಕಿರಲಿಲ್ಲ. ಆದರೆ ಆ ತಾಸನ್ನು ತೆಗೆದುಕೊಳ್ಳುತ್ತಿದ್ದ ಗುರುಗಳೇ ನಮಗೆ ರೇಖಾಗಣಿತವನ್ನೂ ಕಲಿಸುತ್ತಿದ್ದರು. ಒಂದು ದಿನ ಕರಿಹಲಗೆಯ ಮೇಲೆ ಗೆರೆ ಎಳೆದು, ಇದು ನೆಟ್ಟಗಿದೆಯೇ ಎಂದು ಕೇಳಿದರು. ಇದೆ ಎಂದೆವು. ನಿಮಗೆ ಹೇಳಿದವರು ಯಾರು ಎಂದರು. ಪಟ್ಟಿ ಹಿಡಿದು ಎಳೆದಿದ್ದೀರಲ್ಲ ಎಂದೆವು. ಪಟ್ಟಿ ನೆಟ್ಟಗಿದೆ ಎಂದು ಹೇಳಿದವರು ಯಾರು? ನಾವು ಸುಮ್ಮನಾದೆವು. ಆಗ ಅವರು ಗೆರೆಯ ಎರಡು ತುದಿಗಳಿಗೂ ಚುಕ್ಕೆಯಿಟ್ಟು, ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿಹಾಕಿ, ಅದೇ ಅಂಚಿನಿಂದ ಅದೇ ಚುಕ್ಕೆಗಳ ನಡುವೆ ಇನ್ನೊಂದು ಗೆರೆ ಎಳೆದರು. ಎರಡು ಗೆರೆಗಳೂ ತುದಿಗಳಲ್ಲಿ ಕೂಡಿದವು. ನಡುವೆ ಬೆರಳುಗುರಿನಷ್ಟು ಅಗಲಿ ಮೀನಿನಂತೆ ಕಂಡವು. ವರುಷಗಳಿಂದ ಈ ಶಾಲೆಗೆ ರೇಖಾಗಣಿತ ಕಲಿಸಿದ್ದ ಪಟ್ಟಿಯೇ ಬಾಗಿತ್ತು! ವರ್ಗವೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. ಮೀನಿನ ಹೊಟ್ಟೆ ಎಷ್ಟು ಅಗಲವೋ ಅದರ ಅರ್ಧ ಪಟ್ಟಿಯ ತಪ್ಪು ಎಂದು ಅಳೆದು ತೋರಿಸಿ, ಉಸುಬು ಕಾಗದ ತರಿಸಿ, ಅಂದಿನ ನೂಲುವ ತಾಸಿನಲ್ಲಿ ನಮ್ಮಿಂದಲೇ ಅಂಚನ್ನು ತಿದ್ದಿಸಿದರು. ಉಜ್ಜುವುದು, ಮಗುಚುವುದು, ಗೆರೆ ಎಳೆಯುವುದು, ಮತ್ತೆ ಉಜ್ಜುವುದು. ಮೀನು ಸಣ್ಣದಾಗುತ್ತ ಹೋಗಿ ಮಾಯವಾಯಿತು.

ಮರುವಾರ ಮೂಲೆಮಟ್ಟಕ್ಕೂ ಅದೇ ಪರೀಕ್ಷೆ. ಒಂದು ನೇರ ಅಂಚಿಗೆ ಅದನ್ನು ಒತ್ತಿ ಒಂದು ಲಂಬ ಎಳೆಯುವುದು. ಮಗುಚಿ ಅದೇ ಬಿಂದುವಿನಿಂದ ಇನ್ನೊಂದು. ಎರಡೂ ಒಂದಾದರೆ ಮಟ್ಟ ಸರಿ. ಬೇರೆಯಾದರೆ ತಪ್ಪು ಇಮ್ಮಡಿಯಾಗಿ ಕಾಣಿಸುತ್ತದೆ. ಅಂಗಡಿಯಿಂದ ತಂದ ಹೊಸ ಮೂಲೆಮಟ್ಟವನ್ನು ಇಂದಿಗೂ ನಾವು ಹೀಗೆ ನೋಡದೆ ಕೆಲಸಕ್ಕೆ ಹಚ್ಚುವುದಿಲ್ಲ. ಅಂಗಡಿಯವನು ಸಿಟ್ಟಾಗುತ್ತಾನೆ.

ಶಾಲೆ ಮುಗಿದ ಮೇಲೆ ಹಗಲು ಕಮ್ಮಾರ ಅಜ್ಜನ ಕುಲುಮೆ, ಸಂತೆಯ ದಿನ ಸೈಕಲ್ ಮೇಲೆ ಊರೂರು ತಿರುಗಿ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಹಿಂದೆ ಓಡಾಟ. ನಾಲ್ವರ ನಡುವೆ ನಮ್ಮದೆಂದು ಇದ್ದ ಹತ್ಯಾರಗಳು ಇವು: ಒಂದು ಸುತ್ತಿಗೆ, ಗರಗಸದ ಒಂದು ಚೌಕಟ್ಟು, ೧೨ ಇಂಚಿನ ಒಂದು ಒರಟು ಅರ, ಅರ್ಧ ಸವೆದ ಒಂದು ನುಣುಪು ಅರ, ಕೆಟ್ಟ ಅರದಿಂದಲೇ ಮಾಡಿಕೊಂಡ ಒಂದು ಉಳಿ ಮತ್ತು ಚುಕ್ಕೆ ಹೊಡೆಯುವ ಮೊಳೆ, ಶಾಲೆಯ ಕಂಪಾಸ ಪೆಟ್ಟಿಗೆ. ವೈಸ್ ಇರಲಿಲ್ಲ. ಜಾಲಿಯ ಕೊರಡನ್ನು ಸೀಳಿ, ಸೀಳಿನಲ್ಲಿ ಕಬ್ಬಿಣ ಇಟ್ಟು, ಬೆಣೆ ಬಡಿದು ಬಿಗಿ ಮಾಡುತ್ತಿದ್ದೆವು. ಮೀರಜದ ಹಳೆಯ ಕಬ್ಬಿಣದ ಅಂಗಡಿಯಲ್ಲಿ ವೈಸ್ ಸಿಕ್ಕಿದ್ದು ಎರಡು ವರುಷಗಳ ಮೇಲೆ.

ಅರ ಎಂಬುದು ನೋಡಲು ಸುಲಭದ ಹತ್ಯಾರ. ಅದು ಮುಂದೆ ಹೋಗುವಾಗ ಮಾತ್ರ ಕೊರೆಯುತ್ತದೆ. ಹಿಂದೆ ಎಳೆಯುವಾಗ ಒತ್ತಿದರೆ ಹಲ್ಲು ಹಾಳಾಗುವುದಷ್ಟೇ ಲಾಭ. ಇಷ್ಟನ್ನು ಒಂದು ದಿನದಲ್ಲಿ ಕಲಿಯಬಹುದು. ಕಲಿಯಲಾಗದ್ದು ಸಮತಟ್ಟು. ಹೊಸಬನ ಕೈಯಲ್ಲಿ ಅರ ತೂಗುಮಣೆಯಂತೆ ಆಡುತ್ತದೆ, ಹೊರಡುವಾಗ ಹಿಡಿಯ ಕಡೆ ಬಾಗುತ್ತದೆ, ಮುಗಿಯುವಾಗ ತುದಿಯ ಕಡೆ. ಹೀಗಾಗಿ ಎರಡು ಅಂಚುಗಳೂ ಸವೆದು ನಡುವೆ ಹೊಟ್ಟೆ ಬರುತ್ತದೆ. ಲೋಕದ ಹೊಸ ಕೆಲಸಗಾರರೆಲ್ಲ ಮೊದಲು ಮಾಡುವ ವಸ್ತು ಒಂದೇ, ಹೊಟ್ಟೆ ಬಂದ ಕಬ್ಬಿಣ. ಹೊರಡುವಾಗ ತುದಿ ಹಿಡಿದ ಎಡಗೈ ಹೆಚ್ಚು ಒತ್ತಬೇಕು, ನಡುದಾರಿಯಲ್ಲಿ ಎರಡೂ ಸಮ, ಕೊನೆಯಲ್ಲಿ ಬಲಗೈ. ಇದನ್ನು ಬಾಯಿಯಿಂದ ಹೇಳಿ ಉಪಯೋಗವಿಲ್ಲ. ಕೈಗೆ ತನ್ನ ತಪ್ಪು ಕಾಣಬೇಕು.

ಕಾಣಿಸುವ ಉಪಾಯವನ್ನು ಮೇಸ್ತ್ರಿ ಹೇಳಿಕೊಟ್ಟ. ಹಳೆಯ ಭಾವಚಿತ್ರದ ಚೌಕಟ್ಟಿನಿಂದ ತೆಗೆದ ದಪ್ಪ ಗಾಜನ್ನು ಸಮತಟ್ಟಾದ ಹಲಗೆಯ ಮೇಲೆ ಇಟ್ಟೆವು. ಕಂದೀಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಗಾಜಿನ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಸವರಿದೆವು. ಅರ ಹಾಕಿದ ಕಬ್ಬಿಣವನ್ನು ಅದರ ಮೇಲೆ ಮೆಲ್ಲಗೆ ಆಡಿಸಿ ಎತ್ತಿದರೆ ಉಬ್ಬಿದ ಕಡೆ ಮಸಿ ಹತ್ತುತ್ತದೆ. ಮೊದಲ ದಿನ ನಮ್ಮ ಎರಡಿಂಚಿನ ಚೌಕದ ನಟ್ಟನಡುವೆ ನಾಲ್ಕಾಣೆಯಷ್ಟು ಒಂದೇ ಕರಿ ಬೊಟ್ಟು. ಮಸಿ ಹತ್ತಿದಲ್ಲಿ ಮಾತ್ರ ಅರ ಹಾಕಿ ಮತ್ತೆ ಗಾಜಿಗಿಟ್ಟೆವು. ಬೊಟ್ಟು ಎರಡಾಯಿತು, ನಾಲ್ಕಾಯಿತು, ಒಮ್ಮೆ ಅವಸರಪಟ್ಟಾಗ ಮತ್ತೆ ಒಂದಾಯಿತು. ಹನ್ನೊಂದನೆಯ ದಿನ ಚೌಕದ ತುಂಬ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆಗಳು ಹತ್ತಿ ಬಂದವು. ಹನ್ನೊಂದು ದಿನದಲ್ಲಿ ನಾವು ಮಾಡಿದ್ದು ಯಾವ ಉಪಯೋಗಕ್ಕೂ ಬಾರದ ಒಂದು ಕಬ್ಬಿಣದ ತುಂಡು. ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಯಿತು.

ಆಮೇಲೆ ನಮಗೆ ಗುರುಗಳ ಪ್ರಶ್ನೆ ನೆನಪಾಯಿತು. ಗಾಜು ಸಮತಟ್ಟಾಗಿದೆ ಎಂದು ಹೇಳಿದವರು ಯಾರು? ಶಾಲೆಗೆ ಬಂದು ಅವರನ್ನೇ ಕೇಳಿದೆವು. ಅವರು ಎರಡು ದಿನ ಯೋಚಿಸಿ ಕರೆಸಿಕೊಂಡರು. ಒಂದು ಪಟ್ಟಿಯನ್ನು ಮಗುಚಿ ನೋಡಬಹುದು, ಎರಡು ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿದರೆ ಮೋಸಹೋಗಬಹುದು, ಒಂದು ಉಬ್ಬಿ ಇನ್ನೊಂದು ತಗ್ಗಿದರೂ ಅವು ಬಟ್ಟಲು ಮುಚ್ಚಳದಂತೆ ಕೂಡಿಯಾವು. ಆದರೆ ಮೂರು ಪಟ್ಟಿಗಳನ್ನು ಮಾಡಿ, ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಬೆಳಕು ನುಸುಳದಂತೆ ಕೂಡಿದರೆ ಮೂರೂ ನೆಟ್ಟಗಿರದೆ ಗತಿಯಿಲ್ಲ ಎಂದರು. ಉಬ್ಬು ತಗ್ಗಿಗೆ ಕೂಡುತ್ತದೆ, ಆದರೆ ಒಂದೇ ಪಟ್ಟಿ ಒಬ್ಬನಿಗೆ ಉಬ್ಬು, ಇನ್ನೊಬ್ಬನಿಗೆ ತಗ್ಗು ಆಗಲಾರದು. ಅವರು ಕಬ್ಬಿಣದ ಕೆಲಸ ಬಲ್ಲವರಲ್ಲ. ರೇಖಾಗಣಿತ ಬಲ್ಲವರು, ಅದನ್ನು ಕನ್ನಡದಲ್ಲಿ ಬಲ್ಲವರು.

ಒಂದು ಅಡಿ ಉದ್ದದ ಮೂರು ಕಬ್ಬಿಣದ ಪಟ್ಟಿಗಳಿಗೆ ನಮ್ಮ ಒಂದು ಮಳೆಗಾಲ ಹಿಡಿಯಿತು. ಮೂವರು ಅರ ಹಾಕುವವರು. ಹುಬ್ಬು ಸೀಳಿಸಿಕೊಂಡ ನಾಲ್ಕನೆಯವನು ಪಟ್ಟಿಗಳನ್ನು ಜೋಡಿಸಿ ಬಾಗಿಲ ಬೆಳಕಿಗೆ ಹಿಡಿದು ನೋಡುವವನು. ಅವನ ಕಣ್ಣು ಅಷ್ಟು ಚುರುಕು. ಕೂದಲೆಳೆಗಿಂತ ಸಣ್ಣ ಬೆಳಕಿನ ಗೆರೆಯನ್ನೂ ಅವನು ಬಿಡುತ್ತಿರಲಿಲ್ಲ. ಅವನ ಮೇಲೆ ನಮಗೆ ಸಿಟ್ಟು ಬರುತ್ತಿತ್ತು.

ಇದೇ ಯುಕ್ತಿಯನ್ನು ಬಲ್ಲವರು ಬಹಳ ಹಿಂದೆಯೇ ಕಂಡಿದ್ದರೆಂದು ನಮಗೆ ತಿಳಿದುದು ಎಷ್ಟೋ ವರುಷಗಳ ಮೇಲೆ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲೆಯ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವ್ಹಿಟ್‌ವರ್ಥ್ ಎಂಬಾತ ೧೮೪೦ರಲ್ಲಿ ಗ್ಲಾಸ್ಗೋದ ವಿದ್ವಾಂಸರ ಸಭೆಯಲ್ಲಿ ಸಮತಟ್ಟಾದ ಲೋಹದ ಫಲಕಗಳನ್ನು ಮೂರು ಮೂರಾಗಿ ಹೊಂದಿಸಿ ತಯಾರಿಸುವ ಕ್ರಮವನ್ನು ಓದಿ ಹೇಳಿದ. ಹರಳಿನ ಪುಡಿ ಹಾಕಿ ಒಂದರ ಮೇಲೊಂದು ತಿಕ್ಕಬಾರದು, ಬಣ್ಣ ಹತ್ತಿದ ಜಾಗವನ್ನು ಮಾತ್ರ ಕೈಯಿಂದ ಹೆರೆಯಬೇಕು ಎಂಬುದು ಅವನ ವಾದ. ದೊಡ್ಡ ಯಂತ್ರಗಳನ್ನು ಮಾಡುವ ಯಂತ್ರಗಳಿಗೆ ಬೇಕಾದ ನೇರತನ ಬಂದುದು ಹೀಗೆ, ಮನುಷ್ಯನ ಕೈಯಿಂದ. ಇದನ್ನು ಓದಿದ ದಿನ ನಾವು ಗುರುಗಳ ಮನೆಗೆ ಹೋಗಿ ಹೇಳಿದೆವು. ಅವರಿಗೆ ಆಗ ಕಿವಿ ಮಂದವಾಗಿತ್ತು. ಯಾರು, ಯಾರು ಎಂದು ಎರಡು ಸಲ ಕೇಳಿ, ಒಳ್ಳೆಯದಾಯಿತು ಎಂದರು.

ಎಲ್ಲವೂ ಇಷ್ಟು ಸೊಗಸಾಗಿ ನಡೆಯಿತೆಂದು ಮಕ್ಕಳು ತಿಳಿಯಬಾರದು. ಹಿಡಿಯಿಲ್ಲದ ಅರವನ್ನು ಬಳಸಿ ಅದರ ಬಾಲ ಅಂಗೈಗೆ ಹೊಕ್ಕದ್ದುಂಟು. ತೆಳು ಕೊಳವೆಯನ್ನು ದೊಡ್ಡ ಹಲ್ಲಿನ ಗರಗಸದಿಂದ ಕೊಯ್ಯಲು ಹೋಗಿ ಒಂದೇ ದಿನ ಎರಡು ಬ್ಲೇಡು ಕಳೆದದ್ದುಂಟು. ಕೊಯ್ಯುವ ದಪ್ಪದಲ್ಲಿ ಕಡಿಮೆಯೆಂದರೆ ಮೂರು ಹಲ್ಲು ಕೂರಬೇಕೆಂಬ ನಿಯಮ ನಮಗೆ ಗೊತ್ತಿರಲಿಲ್ಲ. ಬೋಲ್ಟಿನ ತೂತಿಗೆ ಆಟೆ ಕೊರೆಯುವ ಟ್ಯಾಪನ್ನು ಎರಡು ಕೈ ಹಿಡಿಕೆಯಿಂದ ತಿರುಗಿಸುವ ಬದಲು ಒಂದೇ ಬದಿಯ ಪಾನಾದಿಂದ ತಿರುಗಿಸಿ, ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸಿ ಚೂರು ಮುರಿಯದೆ, ಅದನ್ನು ಒಳಗೇ ಮುರಿದೆವು. ಮುರಿದ ಟ್ಯಾಪು ಅರಕ್ಕೂ ಡ್ರಿಲ್ಲಿಗೂ ಮಣಿಯದಷ್ಟು ಗಟ್ಟಿ. ಆ ಬೀಡಿನ ತುಂಡು ಇಂದಿಗೂ ನಮ್ಮ ವರ್ಕ್‌ಶಾಪಿನ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ತಡೆಯುತ್ತಿದೆ.

ಎಂಜಿನ್ ಕೆಲಸದಲ್ಲಿ ಕೊರತೆ ಇನ್ನೂ ಹೆಚ್ಚು. ಬರದ ನಂತರ ಬಾವಿಗಳು ಆಳವಾದವು, ಮೊಟ್ಟೆಯ ಜಾಗಕ್ಕೆ ನಿಮಿಷಕ್ಕೆ ೬೫೦ ಸುತ್ತು ತಿರುಗುವ ಐದು ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಎಂಜಿನ್ನುಗಳು ಬಂದವು. ವಾಲ್ವಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ ಬಿಡಬೇಕಾದ ಸಂದನ್ನು ಅಳೆಯಲು ತೆಳು ಉಕ್ಕಿನ ಎಲೆಗಳ ಮಾಪಕ ಬೇಕು. ನಮ್ಮಲ್ಲಿದ್ದುದು ಗಡ್ಡ ಹೆರೆಯುವ ಬ್ಲೇಡು. ಅದರ ದಪ್ಪ ೦.೧ ಮಿಲಿಮೀಟರ್. ಮೂರು ಬ್ಲೇಡು ಕೂಡಿಸಿದರೆ ೦.೩, ನಾಲ್ಕಾದರೆ ೦.೪. ಅಂಚನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡಿಕೊಂಡು ಬಳಸಿದೆವು. ಡ್ರಿಲ್ಲಿನ ಮೊನೆಯ ಕೋನ ೧೧೮ ಡಿಗ್ರಿ ಇರಬೇಕು. ಎರಡು ಆರುಮೂಲೆಯ ನಟ್ಟುಗಳನ್ನು ಬದಿಗೆ ಬದಿ ಒತ್ತಿ ಇಟ್ಟರೆ ನಡುವಿನ ಸಂದಿಯಲ್ಲಿ ೧೨೦ ಡಿಗ್ರಿಯ ಕೋನ ತಾನಾಗಿ ಸಿಗುತ್ತದೆ. ಅಲ್ಲಿ ಮೊನೆ ಇಟ್ಟು ನೋಡಿದರೆ ಸಾಣೆ ಸರಿಯಾಯಿತೋ ಇಲ್ಲವೋ ಗೊತ್ತಾಗುತ್ತದೆ. ವಾಲ್ವು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಿಂಬದಿಯ ದಾರಿಯಲ್ಲಿ ಸೀಮೆಎಣ್ಣೆ ಸುರಿದು ಒಂದು ಬೀಡಿಯ ಹೊತ್ತು ಕಾದರೆ ಸಾಕು. (ಬೀಡಿ ಸೇದಬೇಕೆಂದಲ್ಲ, ಮಕ್ಕಳೆ, ಸೀಮೆಎಣ್ಣೆಯ ಬಳಿ ಅಂತೂ ಕೂಡದು.) ಒಸರಿದರೆ ಮತ್ತೆ ಪೇಸ್ಟು ಹಚ್ಚಿ ಉಜ್ಜಬೇಕು.

ಇಂಥ ಯುಕ್ತಿಗಳಿಂದ ನಮ್ಮ ಹೆಸರು ಸುತ್ತಲಿನ ಹಳ್ಳಿಗಳಲ್ಲಿ ಬೆಳೆಯಿತು. ಅದರ ಜೊತೆಗೆ ಸೊಕ್ಕೂ ಬೆಳೆಯಿತು. ಈಗ ಹೇಳುವುದು ನಮಗೆ ಸುಲಭದ ಮಾತಲ್ಲ, ಆದರೆ ಇದನ್ನು ಬಿಟ್ಟರೆ ಉಳಿದುದನ್ನು ಹೇಳುವ ಹಕ್ಕು ನಮಗಿಲ್ಲ.

ಮೇಸ್ತ್ರಿಗೆ ಜ್ವರ ಬಂದ ವಾರ ರೈತನೊಬ್ಬನ ಎಂಜಿನ್ ಕೆಲಸವನ್ನು ನಾವೇ ಒಪ್ಪಿಕೊಂಡೆವು. ಗೋದಿ ಹಾಲುಗಾಳಿಗೆ ಬಂದಿತ್ತು. ಇನ್ನೊಂದು ನೀರು ಬೇಕಿತ್ತು. ಮುಂಜಾನೆ ಬಿಚ್ಚಿ, ಸಂಜೆಗೆ ಜೋಡಿಸಿದೆವು. ಹ್ಯಾಂಡಲ್ ತಿರುಗಿಸಿದರೆ ಬಿಳಿ ಹೊಗೆ ಉಗುಳುತ್ತದೆ, ಹಿಡಿಯುವುದಿಲ್ಲ. ಪಂಪು ಬಿಚ್ಚಿದೆವು, ನಾಜಲು ಬಿಚ್ಚಿದೆವು, ವಾಲ್ವು ಮತ್ತೆ ಉಜ್ಜಿದೆವು. ಹತ್ಯಾರಗಳಿಲ್ಲದ್ದೇ ಕಾರಣವೆಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ನಾಲ್ಕನೆಯ ದಿನ ಮೇಸ್ತ್ರಿ ಕಂಬಳಿ ಹೊದ್ದುಕೊಂಡೇ ಬಂದು ಬದಿಯ ಮುಚ್ಚಳ ತೆಗೆಸಿ ನೋಡಿದ. ವಾಲ್ವುಗಳನ್ನು ನಡೆಸುವ ದಂತಚಕ್ರವನ್ನು ನಾವು ಎರಡು ಹಲ್ಲು ತಪ್ಪಿಸಿ ಕೂಡಿಸಿದ್ದೆವು. ಬಿಚ್ಚುವ ಮೊದಲು ಕೂಡುವ ಹಲ್ಲುಗಳ ಮೇಲೆ ಎರಡು ಚುಕ್ಕೆ ಹೊಡೆದುಕೊಂಡಿದ್ದರೆ ಆಗುತ್ತಿತ್ತು. ಚುಕ್ಕೆ ಹೊಡೆಯುವ ಮೊಳೆ ನಮ್ಮ ಜೇಬಿನಲ್ಲಿಯೇ ಇತ್ತು. ಅರ್ಧ ತಾಸಿನಲ್ಲಿ ಎಂಜಿನ್ ಹಿಡಿಯಿತು. ನೀರು ಹೊಲಕ್ಕೆ ಮುಟ್ಟುವ ಹೊತ್ತಿಗೆ ದಕ್ಷಿಣದ ಮಡಿಗಳ ತೆನೆಗಳು ಜೊಳ್ಳಾಗಿ ಬೆಳ್ಳಗೆ ನಿಂತಿದ್ದವು.

ಆ ರೈತ ನಮ್ಮನ್ನು ಬೈಯಲಿಲ್ಲ. ಮುಂದಿನ ಸುಗ್ಗಿಯಲ್ಲಿ ಮತ್ತೆ ನಮ್ಮನ್ನೇ ಕರೆದ. ಅವನ ಮನೆಯಲ್ಲಿ ಆ ವರುಷ ಏನು ತಿಂದರೋ ನಾವು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅಂದಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಗುರುತು ಮಾಡದೆ ಯಾವ ನಟ್ಟನ್ನೂ ಬಿಚ್ಚುವುದಿಲ್ಲ. ಬಿಚ್ಚುವ ಮೊದಲು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುತ್ತೇವೆ.

ಚಿತ್ರದ ಮಾತು ಬಂದುದರಿಂದ ಕಿರ್ಲೋಸ್ಕರರನ್ನು ನೆನೆಯಬೇಕು. ಕಿರ್ಲೋಸ್ಕರವಾಡಿ ನಮ್ಮ ಜಿಲ್ಲೆಯ ಊರು. ನಮ್ಮ ಮಕ್ಕಳನೇಕರು ಆ ಹೆಸರನ್ನು ಪಂಪಿನ ಮೇಲೆ ಓದಿಯೇ ಬಲ್ಲರು. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ೧೮೬೯ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರರಾಗಬೇಕೆಂದು ಮುಂಬಯಿಗೆ ಹೋದವರು ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ಕಾಣದೆಂದು ಬಿಟ್ಟು, ಯಂತ್ರಗಳ ರೇಖಾಚಿತ್ರದತ್ತ ತಿರುಗಿ, ಅಲ್ಲಿಯ ವಿಕ್ಟೋರಿಯಾ ಜ್ಯುಬಿಲಿ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಆಮೇಲೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂದು ರೈತರು ಹೆದರುತ್ತಿದ್ದ ಕಾಲ. ನೇಗಿಲು ಕೂಡಲೇ ಮಾರಾಟವಾಗಲಿಲ್ಲ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ಅರಸರು ಕೊಟ್ಟ ಬರಡು ಭೂಮಿಗೆ ೧೯೧೦ರಲ್ಲಿ ಬಂದರು. ಜನ ಅವರ ಕಾರ್ಖಾನೆಯ ಮಾತನಾಡುತ್ತಾರೆ. ಯಂತ್ರವನ್ನು ಕೊಳ್ಳುವ ಮೊದಲೇ ಅದನ್ನು ಕಾಗದದ ಮೇಲೆ ಬಿಡಿಸಬಲ್ಲವರಾಗಿದ್ದರು ಎಂಬುದು ನಮಗೆ ಹೆಚ್ಚಿನದಾಗಿ ಕಾಣುತ್ತದೆ.

ಪಾಲಕರು ನಮ್ಮನ್ನು ಕೇಳುವ ಇನ್ನೊಂದು ಪ್ರಶ್ನೆಗೆ ಬರುತ್ತೇವೆ. ಈ ಶಾಲೆಯ ಹಾಜರಿ ಪುಸ್ತಕ ವರುಷದಿಂದ ವರುಷಕ್ಕೆ ತೆಳ್ಳಗಾಗುತ್ತಿರುವುದು ನಿಮಗೆ ತಿಳಿದಿದೆ. ಕನ್ನಡದಲ್ಲಿ ಓದಿದ ಹುಡುಗನಿಗೆ ವರ್ಕ್‌ಶಾಪಿನಲ್ಲಿ ಏನು ತಿಳಿದೀತು ಎನ್ನುತ್ತಾರೆ. ನಾವು ಮೀರಜದ ಒಂದು ವರ್ಕ್‌ಶಾಪಿಗೆ ಸೇರಿದ ಮೊದಲ ದಿನ ಅಲ್ಲಿಯ ಮಾತು ನಮಗೆ ತಿಳಿಯಲಿಲ್ಲ, ನಿಜ. ಕಾನಸ ತಾ ಎಂದರೆ ಏನು ತರಬೇಕೋ ಗೊತ್ತಾಗದೆ ನಿಂತೆವು, ನಗಿಸಿಕೊಂಡೆವು. ಸಂಜೆಗೆ ಕಾನಸ ಎಂದರೆ ಅರ, ಛಿನ್ನಿ ಎಂದರೆ ಉಳಿ, ಐರಣ ಎಂದರೆ ಅಡಿಗಲ್ಲು, ಗುಣ್ಯಾ ಎಂದರೆ ಮೂಲೆಮಟ್ಟ ಎಂದು ತಿಳಿಯಿತು. ಹೆಸರುಗಳಿಗೆ ಒಂದು ವಾರ ಸಾಕಾಯಿತು. ಎರಡನೆಯ ವಾರ ದೊಡ್ಡ ಬಾಗಿಲಿನ ಚೌಕಟ್ಟೊಂದು ಬೆಸುಗೆಗೆ ಸಿದ್ಧವಾಗಿತ್ತು. ನಾಲ್ಕೂ ಬದಿ ಅಳತೆಗೆ ಸರಿಯಾಗಿವೆ, ಹಚ್ಚಿ ಎಂದರು ಅಲ್ಲಿಯ ಹಿರಿಯರು. ನಮ್ಮಲ್ಲೊಬ್ಬನು ದಾರ ಹಿಡಿದು ಎರಡೂ ಕರ್ಣಗಳನ್ನು ಅಳೆದ. ಅರ್ಧ ಇಂಚು ವ್ಯತ್ಯಾಸ ಬಂತು, ಚೌಕಟ್ಟು ಓರೆಯಾಗಿತ್ತು. ಕರ್ಣಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. ಕೇಳಿ ನೋಡಿದರೆ ಅವರೂ ಕರ್ಣ ಎಂದೇ ಅನ್ನುತ್ತಾರೆ. ಅಂದಿನಿಂದ ಅಲ್ಲಿ ನಮ್ಮನ್ನು ಯಾರೂ ಯಾವ ಮಾಧ್ಯಮದವರೆಂದು ಕೇಳಲಿಲ್ಲ.

ಈಗ ಯಾದಿಯ ವಿಷಯ. ಸಮಿತಿಯವರ ಅಪ್ಪಣೆಯಾದರೆ ಅನುದಾನದ ಅರ್ಜಿ ತನ್ನ ದಾರಿಯಲ್ಲಿ ಹೋಗಲಿ, ಕೋಣೆ ಬರುವ ಶನಿವಾರ ತೆರೆಯಲಿ. ಅದಕ್ಕಾಗಿ ಒಂದು ಪೆಟ್ಟಿಗೆ ತಂದಿದ್ದೇವೆ. ಅದರಲ್ಲಿ ನಾಲ್ಕು ಇಂಚಿನ ಒಂದು ವೈಸ್, ಎರಡು ಗರಗಸ ಮತ್ತು ೨೪ ಹಲ್ಲಿನ ಬ್ಲೇಡುಗಳು, ಸುತ್ತಿಗೆ, ಆರು ಅರ, ಉಕ್ಕಿನ ಅಳತೆಪಟ್ಟಿ, ಗೆರೆ ಕೊರೆಯುವ ಕಡ್ಡಿ, ಚುಕ್ಕೆಯ ಮೊಳೆಗಳು, ಒಂದು ಮೂಲೆಮಟ್ಟ, ಒಂದು ದಪ್ಪ ಗಾಜು, ಕಣ್ಣಿಗೆ ಹಾಕುವ ಕನ್ನಡಕ ಆರು ಇವೆ. ಕನ್ನಡಕಗಳನ್ನು ಮೊದಲು ಹಂಚಬೇಕು, ಆಮೇಲೆ ಉಳಿದುದು. ಅರಗಳಿಗೆ ಜಾಲಿಯ ಹಿಡಿ ಹಾಕಿದ್ದೇವೆ. ಗಾಜಿನ ಅಂಚನ್ನು ತಿಕ್ಕಿ ಮೊಂಡು ಮಾಡಿದ್ದೇವೆ, ಆದರೂ ಮಕ್ಕಳ ಕೈಗೆ ಕೊಡುವ ಮೊದಲು ಗುರುಗಳು ಇನ್ನೊಮ್ಮೆ ಬೆರಳಾಡಿಸಿ ನೋಡಬೇಕು. ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿದ ಮೂರು ಕಬ್ಬಿಣದ ಪಟ್ಟಿಗಳಿವೆ. ಅವು ನಮ್ಮವು. ಬಾಗಿಲ ಬೆಳಕಿಗೆ ಹಿಡಿದು ಅವನ್ನು ಪಾಸು ಮಾಡಿದವನು ಈಗಿಲ್ಲ. ಐವತ್ತು ವರುಷದಲ್ಲಿ ಅವು ಬಾಗಿದ್ದರೂ ಬಾಗಿರಬಹುದು. ಮಕ್ಕಳೇ ಪರೀಕ್ಷಿಸಲಿ, ತಿದ್ದಲಿ.

ನಮ್ಮಲ್ಲಿ ಇಬ್ಬರು ಪ್ರತಿ ಶನಿವಾರ ಮಧ್ಯಾಹ್ನ ಬರಬಲ್ಲೆವು. ಮೂರನೆಯವನ ಮೊಣಕಾಲು ಒಪ್ಪಿದ ದಿನ ಅವನೂ ಬರುತ್ತಾನೆ. ಉದ್ಯೋಗದ ಕೋಣೆಯ ಕೀಲಿಕೈ ಈಗ ಯಾರಲ್ಲಿದೆಯೆಂದು ಆಫೀಸಿನಲ್ಲಿ ವಿಚಾರಿಸಿದೆವು, ಯಾರಿಗೂ ನೆನಪಿಲ್ಲ. ಅದಕ್ಕೆ ಸಮಿತಿಯವರು ಚಿಂತಿಸಬೇಕಾಗಿಲ್ಲ. ಬೀಗ ತೆಗೆಯುವಷ್ಟು ಕೆಲಸ ನಮಗೆ ಬರುತ್ತದೆ.